ಅಕ್ರಿಲಿಕ್ ಎಲೆಗಳಿಗೆ ಇಸ್ತ್ರಿಪೆಟ್ಟಿಗೆ ತಾಗಿಸಬೇಡಿ

ಹೊಂಗೆ, ಅರಳಿ ಎಲೆಗಳನ್ನು ನೂಲಿನಲ್ಲಿ ಹೆಣೆದು ಸರ ಮಾಡಲು ಹೊರಟಿದ್ದೀರಾ? ಕಡ್ಡಿ ಕೈಗೆತ್ತಿಕೊಳ್ಳುವ ಮುಂಚೆ ನೂಲಿನ ಉಂಡೆಗೆ ಸುತ್ತಿರುವ ಚೀಟಿ ಓದಿ: ನೂಲು ಉಣ್ಣೆಯದೋ, ಅಕ್ರಿಲಿಕ್ ಎಂಬ ಕೃತಕ ಎಳೆಯದೋ? ಅದನ್ನು ನೋಡದೆ ಅಕ್ರಿಲಿಕ್‌ನಲ್ಲಿ ಹೆಣೆದ 40 ಎಲೆಗಳ ಸರವೊಂದು ಪೂರ್ತಿ ಹಾಳಾಯಿತು. ಹೆಣಿಗೆಯಲ್ಲಿ ಒಂದು ಕುಣಿಕೆಯೂ ತಪ್ಪಿರಲಿಲ್ಲ.

ಮಾದರಿ ಎಲ್ಲರೂ ಬಳಸುವಂಥದ್ದೇ. ತೊಟ್ಟಿಗೆ 3 ಕುಣಿಕೆಯ ಐ-ಕಾರ್ಡ್ (ದಾರದಂತೆ ದುಂಡಗೆ ಬರುವ ಹೆಣಿಗೆ), 2 ಸೆಂ.ಮೀ. ಆಮೇಲೆ ಮುಂಬದಿಯ ಪ್ರತಿ ಸಾಲಿನಲ್ಲಿ ನಡುಕುಣಿಕೆಯ ಅಕ್ಕಪಕ್ಕ ಒಂದೊಂದು ಯಾರ್ನ್ ಓವರ್ (ಕಡ್ಡಿಗೆ ನೂಲು ಸುತ್ತಿ ಹೆಚ್ಚಿಸುವ ಕುಣಿಕೆ): ಒಟ್ಟು ಕುಣಿಕೆ 5, 7, 9, 11. ಹಿಂಬದಿ ಸಾಲೆಲ್ಲ ಪರ್ಲ್ (ಉಲ್ಟಾ ಕುಣಿಕೆ). 11 ಆದಮೇಲೆ ಎರಡೂ ಅಂಚಿನಲ್ಲಿ ಒಂದೊಂದು ಇಳಿಸುತ್ತಾ ಮತ್ತೆ 3ಕ್ಕೆ ಬಂದು, ಮೂರನ್ನೂ ಸೇರಿಸಿ ಮುಗಿಸುವುದು. ಕೊನೆಗೆ ನೆನೆಸಿ, ಗುಂಡುಸೂಜಿ ಚುಚ್ಚಿ, ಒಂದು ದಿನ ಒಣಗಿಸಿದ್ದಾಯಿತು. ಸೂಜಿ ಕಿತ್ತದ್ದೇ ತಡ, ಎರಡೂ ಅಂಚು ಹಿಂದಕ್ಕೆ ಸುತ್ತಿಕೊಂಡು ಎಲೆಗಳೆಲ್ಲ ಕೊಳವೆಗಳಾದವು.

ಒಂದು ಕಡೆ ನಿಟ್ (ನೇರ ಕುಣಿಕೆ), ಇನ್ನೊಂದು ಕಡೆ ಪರ್ಲ್ ಇರುವ ಹೆಣಿಗೆಯ ಗುಣವೇ ಸುರುಳಿಯಾಗುವುದು. ಕುರಿ ಉಣ್ಣೆ ನೀರು ಹೀರಿ ಸಡಿಲಗೊಂಡು, ಒಣಗುವಾಗ ಚುಚ್ಚಿಟ್ಟ ಆಕಾರಕ್ಕೇ ನಿಲ್ಲುತ್ತದೆ. ಅಕ್ರಿಲಿಕ್ ನೀರನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಹೊತ್ತು ನೆನೆಸಿದರೂ ವ್ಯರ್ಥ.

ನಿಜವಾದ ಹಾನಿ ಆದದ್ದು ಇದರ ನಂತರ. ಸುರುಳಿ ಬಿಡಿಸಲೆಂದು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಲಾಯಿತು. ಅಕ್ರಿಲಿಕ್ ಶಾಖಕ್ಕೆ ಮೆದುವಾಗುವ ಪ್ಲಾಸ್ಟಿಕ್ ಎಳೆ. ನಡುನರದ ಉಬ್ಬು ಚಪ್ಪಟೆಯಾಗಿ ಮೇಲೆ ಹೊಳಪು ಬಂತು, ಎಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಒಮ್ಮೆ ಹೀಗಾದ ಎಳೆಯನ್ನು ಸರಿಪಡಿಸುವ ದಾರಿಯೇ ಇಲ್ಲ.

ಅಕ್ರಿಲಿಕ್ಕೇ ಇದ್ದರೆ ಹೆಣಿಗೆಯನ್ನೇ ಬದಲಿಸಿ. ಹಿಂಬದಿ ಸಾಲಿನಲ್ಲೂ ನಿಟ್ ಮಾಡಿ, ನಡುಕುಣಿಕೆ ಒಂದನ್ನು ಮಾತ್ರ ಪರ್ಲ್ ಮಾಡಿ. ಎಲೆ ತಾನಾಗಿಯೇ ಮಟ್ಟಸವಾಗಿ ಕೂರುತ್ತದೆ, ನರವೂ ಎದ್ದು ಕಾಣುತ್ತದೆ. ಉದ್ದ ಸ್ವಲ್ಪ ಕುಗ್ಗುವುದರಿಂದ 11 ಕುಣಿಕೆ ಇರುವಾಗ ಏರಿಕೆ ಇಳಿಕೆ ಇಲ್ಲದ 2 ಸಾಲು ಸೇರಿಸಿ. 4 ಮಿ.ಮೀ. ಕಡ್ಡಿ ಎಂದು ಚೀಟಿಯಲ್ಲಿದ್ದರೆ 3.25 ಹಿಡಿಯಿರಿ, ಬಿಗಿಯಾಗಿ ಹೆಣೆದ ಎಲೆ ಜೋಲುವುದಿಲ್ಲ. ಹಬೆ ಕೊಡಲೇಬೇಕೆಂದರೆ ಪೆಟ್ಟಿಗೆಯನ್ನು 2–3 ಸೆಂ.ಮೀ. ಮೇಲೆ ಹಿಡಿದು ಕೆಲವೇ ಸೆಕೆಂಡು ಸಾಕು, ಪೂರ್ತಿ ಆರುವವರೆಗೆ ಸೂಜಿ ತೆಗೆಯಬೇಡಿ.

ಉಣ್ಣೆಯವರಿಗೂ ಒಂದು ಮಾತು: ತಣ್ಣೀರಿನಲ್ಲಿ 20 ನಿಮಿಷ ನೆನೆಸಿ, ಉಜ್ಜದೆ ಟವೆಲ್‌ನಲ್ಲಿ ಒತ್ತಿ. ತುಕ್ಕು ಹಿಡಿಯದ ಸೂಜಿಯೇ ಇರಲಿ, ತಿಳಿಹಸಿರಿನ ಮೇಲೆ ತುಕ್ಕಿನ ಕಲೆ ಕೂತರೆ ಸುಲಭವಾಗಿ ಹೋಗುವುದಿಲ್ಲ.

ಅರಳಿಯ ಬಾಲದಂಥ ತುದಿ ಬೇಕಾದರೆ ಕೊನೆಯ 3 ಕುಣಿಕೆಗಳನ್ನು ಒಮ್ಮೆಲೇ ಮುಚ್ಚಬೇಡಿ, 2 ಸೆಂ.ಮೀ. ಐ-ಕಾರ್ಡ್ ಹೆಣೆದು ಮುಗಿಸಿ. ಕೊನೆಯಲ್ಲಿ ಉಳಿಯುವ ಬಾಲನೂಲನ್ನು 15 ಸೆಂ.ಮೀ.ಗಿಂತ ಗಿಡ್ಡ ಕತ್ತರಿಸಿದರೆ ಒಳಗೆ ಸೇರಿಸಲು ಸಾಲದೆ ತುದಿಯೇ ಬಿಚ್ಚಿಕೊಳ್ಳಬಹುದು. ಯಾವ ನೂಲಾದರೂ ಸರಿ, ಒಂದೇ ಒಂದು ಎಲೆ ಹೆಣೆದು, ಒಣಗಿಸಿ, ಸೂಜಿ ಕಿತ್ತು ನೋಡಿ. ಎರಡನೆಯದನ್ನು ಆಮೇಲೆ ಶುರುಮಾಡಿ.