ಆಲ್ದೂರಿನಿಂದ ದಿನಾ ಓಡಿಸಲು ವೇಗದ ಕಾರು ಯಾವುದು? ಎರಡು ಬಾಗಿಲಿನದೋ, ನಾಲ್ಕು ಬಾಗಿಲಿನದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಾಲ್ಕು ಬಾಗಿಲಿನ ಕಾರಿಗೆ. ಮನೆ ಮುಂದೆ ಈಗ ನಿಂತಿರುವುದು 2021ರ ಬಿಎಂಡಬ್ಲ್ಯು ಎಂ340ಐ. ಸೆಕೆಂಡ್ ಹ್ಯಾಂಡ್ ಕೊಂಡು 8 ತಿಂಗಳಾಯಿತು. ಅದಕ್ಕೆ ಮೊದಲು 14 ತಿಂಗಳು ಒಂದು ಕೂಪೆ ಇತ್ತು. ಎರಡೇ ಬಾಗಿಲು, ಎರಡೇ ಸೀಟು, ಎಂಜಿನ್ ಸೀಟಿನ ಹಿಂದೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ನನಗಾದ ತೊಂದರೆಯಲ್ಲಿ ಆ ಕಾರಿಗಿಂತ ನಮ್ಮ ರಸ್ತೆಯ ಪಾಲು, ನನ್ನ ಆಯ್ಕೆಯ ಪಾಲು ಜಾಸ್ತಿ.

ನಾನಿರುವುದು ಆಲ್ದೂರಿನ ಹತ್ತಿರ, ಕಾಫಿ ತೋಟದಲ್ಲಿ. ವಾರಕ್ಕೆ ಐದಾರು ದಿನ ಚಿಕ್ಕಮಗಳೂರಿಗೆ ಹೋಗಿ ಬರಬೇಕು. ಮಗಳ ಶಾಲೆ, ಬ್ಯಾಂಕು, ಕಾಫಿ ಸಂಸ್ಕರಿಸುವ ಕ್ಯೂರಿಂಗ್, ಅಮ್ಮನ ಆಸ್ಪತ್ರೆ. ಹೋಗಿ ಬರುವುದು ಸೇರಿ 40 ಕಿಲೋಮೀಟರ್ ಹತ್ತಿರ. 2024ರಲ್ಲಿ ರೋಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತಲ್ವಾ, ಆ ವರ್ಷ ಮೇ ತಿಂಗಳಲ್ಲಿ ಕೂಪೆ ಕೊಂಡೆ. ಕಾಲೇಜಿಗೆ ಹೋಗುವಾಗಿನಿಂದ ಅಂಥದೊಂದು ಕಾರಿನ ಆಸೆ ಇತ್ತು. ಶೆಡ್ಡಿನಲ್ಲಿ ಮುಚ್ಚಿಟ್ಟು ಭಾನುವಾರ ಮಾತ್ರ ತೆಗೆಯುವುದು ನನಗೆ ಆಗದ ಮಾತು. ಕೊಂಡ ಮೇಲೆ ದಿನಾ ಓಡಿಸಬೇಕು.

ಕೂಪೆಯ ಒಳ್ಳೆಯ ಗುಣ ಹೇಳದೆ ಹೋದರೆ ತಪ್ಪಾಗುತ್ತದೆ. ಡಿಸೆಂಬರಿನ ಒಣ ಬೆಳಗು, ವಸ್ತಾರೆ ಕಡೆಯ ತಿರುವುಗಳು, ರಸ್ತೆಯಲ್ಲಿ ಯಾರೂ ಇಲ್ಲ. ಅಷ್ಟು ಚೆನ್ನಾಗಿ ತಿರುಗುವ ಕಾರನ್ನು ನಾನು ಇನ್ನೊಂದು ಓಡಿಸಿಲ್ಲ. ಎಂಜಿನ್ನಿನ ಭಾರ ಕಾರಿನ ನಡುವೆ ಇರುವುದರಿಂದ ಮೂತಿ ಹಗುರ. ಸ್ಟಿಯರಿಂಗ್ ಸ್ವಲ್ಪ ಮುಟ್ಟಿದರೆ ಸಾಕು, ತಿರುಗಿಯೇ ಬಿಟ್ಟಿರುತ್ತದೆ. ಎಂ340ಐನಲ್ಲಿ ಆ ಸುಖ ಇಲ್ಲ. ಅದರ ಮುಂದೆ 3 ಲೀಟರಿನ, ಸಾಲಾಗಿ 6 ಸಿಲಿಂಡರ್ ಇರುವ ಉದ್ದನೆಯ ಎಂಜಿನ್ ಕೂತಿದೆ. ಆ ಭಾರ ಕೈಗೆ ಗೊತ್ತಾಗುತ್ತದೆ. ಇದನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಕೂಪೆಯ ಮೇಲಿನ ನನ್ನ ಮನಸ್ಸು ಮುರಿದದ್ದು ಒಂದು ಟೈರಿನಿಂದ.

ಜುಲೈ ತಿಂಗಳು. ಮೂರು ದಿನದಿಂದ ಬಿಡದೆ ಮಳೆ. ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುತ್ತಿದ್ದೆ. ಮುಖ್ಯ ರಸ್ತೆ ಬಿಟ್ಟು ತೋಟದ ಕಡೆ ತಿರುಗುವ ರಸ್ತೆ ಒಂದೇ ಗಾಡಿಯಷ್ಟು ಅಗಲ. ಎದುರಿಗೆ ಬಸ್ಸು ಬಂತು, ಎಡಕ್ಕೆ ಇಳಿಸಿದೆ. ಟಾರಿನ ಅಂಚಿನ ಮಣ್ಣು ಕೊಚ್ಚಿಹೋಗಿ ಅರ್ಧ ಗೇಣು ತಗ್ಗಾಗಿತ್ತು. ನೀರು ತುಂಬಿದ್ದರಿಂದ ಕಾಣಲಿಲ್ಲ. ಹಿಂದಿನ ಎಡ ಚಕ್ರ ಆ ಅಂಚಿಗೆ ಉಜ್ಜಿತು. ಜಲ್ಲಿಯ ಚೂಪು ಟೈರಿನ ಪಕ್ಕದ ಗೋಡೆಯನ್ನೇ ಸೀಳಿತು. ಎರಡು ನಿಮಿಷದಲ್ಲಿ ಗಾಳಿ ಪೂರಾ ಹೋಯಿತು.

ಆ ಕಾರಿನಲ್ಲಿ ಸ್ಟೆಪ್ನಿ ಇರಲಿಲ್ಲ. ಅದರ ಬದಲು ಒಂದು ಸಣ್ಣ ಗಾಳಿ ಪಂಪು, ಒಂದು ಬಾಟಲಿ ಅಂಟು ದ್ರವ. ಮೊಳೆ ಚುಚ್ಚಿದ ಸಣ್ಣ ತೂತಾದರೆ ಆ ದ್ರವ ಒಳಗಿನಿಂದ ಮುಚ್ಚುತ್ತದೆ. ಸೀಳಿದ ಗೋಡೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆಲ್ದೂರಿನ ಪಂಕ್ಚರ್ ಅಂಗಡಿಯ ಹುಡುಗ ಮಳೆಯಲ್ಲೇ ಬೈಕಿನಲ್ಲಿ ಬಂದ. ಬೆರಳಿಟ್ಟು ನೋಡಿ, “ಅಕ್ಕಾ, ಇದು ಪ್ಯಾಚ್ ಹಾಕೋ ಜಾಗ ಅಲ್ಲ. ಹಾಕಿ ಕೊಟ್ರೆ ನಾಳೆ ನಿಮ್ಗೇ ಅಪಾಯ” ಅಂದ. ಅವನ ಮಾತು ಸರಿ. ನೆಲಕ್ಕೆ ತಾಗುವ ಭಾಗದ ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ, ಅಲ್ಲಿ ಪ್ಯಾಚ್ ನಿಲ್ಲುತ್ತದೆ. ಪಕ್ಕದ ಗೋಡೆ ಚಕ್ರ ಒಂದು ಸುತ್ತು ಸುತ್ತಿದಾಗಲೆಲ್ಲ ಬಾಗಿ ನೆಟ್ಟಗಾಗುತ್ತಿರುತ್ತದೆ. ಅಲ್ಲಿ ಯಾವ ಪ್ಯಾಚೂ ಉಳಿಯುವುದಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸೋಣ ಅಂದರೆ ಕಾರು ಅಷ್ಟು ತಗ್ಗು, ಹೊಟ್ಟೆ ಕೆರೆದುಹೋಗುತ್ತದೆ. ಮಗಳನ್ನು ತೋಟದ ಬೊಲೆರೊದಲ್ಲಿ ಮನೆಗೆ ಕಳಿಸಿದೆ. ಕಾರನ್ನು ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿ ಹಾಸನದಿಂದ ಬಂದದ್ದು ಮಾರನೆಯ ದಿನ ಮಧ್ಯಾಹ್ನ. ಅಲ್ಲಿಯವರೆಗೆ ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಮತ್ತು ಇನ್ನೊಬ್ಬರು ಸರದಿ ಮೇಲೆ ಕಾರಿನ ಹತ್ತಿರ ಕಾದರು. ಆ ಮಳೆಯಲ್ಲಿ ಅವರನ್ನು ನಿಲ್ಲಿಸಿದ್ದು ನನಗೆ ಇವತ್ತಿಗೂ ಬೇಜಾರು.

ಟೈರು ಹುಡುಕುವ ಕೆಲಸ ಆಮೇಲೆ ಶುರುವಾಯಿತು. ಹಿಂದಿನ ಟೈರಿನ ಅಳತೆ 275/35, 19 ಇಂಚು. ಚಿಕ್ಕಮಗಳೂರಿನಲ್ಲಿ ಕೇಳಿದ ಕಡೆಯೆಲ್ಲ ಇಲ್ಲ. ಹಾಸನದಲ್ಲೂ ಇಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಎರಡು ದಿನ ಅಂದರು, ಬಂದದ್ದು ಒಂಬತ್ತನೇ ದಿನ. ಅದೂ ಒಂದು ತೆಗೆದುಕೊಂಡರೆ ಸಾಲದು. ಒಂದು ಕಡೆ ಸವೆದ ಟೈರು, ಇನ್ನೊಂದು ಕಡೆ ಹೊಸದು ಇದ್ದರೆ ಎರಡರ ಸುತ್ತಳತೆ ಬೇರೆಯಾಗುತ್ತದೆ, ಮಳೆಯಲ್ಲಿ ಹಿಡಿತವೂ ಬೇರೆ. ಹಿಂದಿನ ಎರಡೂ ಬದಲಿಸಬೇಕಾಯಿತು. ಮುಂದಿನ ಟೈರು ಬೇರೆ ಅಳತೆ, ಅದನ್ನು ತೆಗೆದು ಹಿಂದಕ್ಕೆ ಹಾಕುವಂತೆಯೂ ಇಲ್ಲ. ಒಟ್ಟು 12 ದಿನ ಕಾರು ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು.

ಆ 12 ದಿನದಲ್ಲಿ ಕೂತು ಲೆಕ್ಕ ಹಾಕಿದೆ. ಕೊಳ್ಳುವ ಮೊದಲು ಹಾಕಬೇಕಿತ್ತು. ಟೈರಿನ ಮೇಲಿನ ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅದರ ಅಗಲ, ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ. 275ರಲ್ಲಿ ಶೇ 35 ಅಂದರೆ 96 ಮಿಲಿಮೀಟರ್. ನಮ್ಮ ತೋಟದ ಬೊಲೆರೊಗೆ 215/75, ಅಂದರೆ 161 ಮಿಲಿಮೀಟರ್. ಅದೇ ತಗ್ಗಿನಲ್ಲಿ ಬೊಲೆರೊ ದಿನಾ ಇಳಿದು ಹತ್ತುತ್ತದೆ, ಅದರ ಟೈರಿಗೆ ಗೊತ್ತೇ ಆಗುವುದಿಲ್ಲ. ಎಂ340ಐ ನೋಡಲು ಹೋದಾಗ ಎಂಜಿನ್ ಶಬ್ದ ಕೇಳುವ ಮೊದಲು ಬಗ್ಗಿ ಟೈರು ಓದಿದೆ. ನನ್ನದು 18 ಇಂಚಿನ ಚಕ್ರದ್ದು. ಮುಂದೆ 225/45, ಹಿಂದೆ 255/40. ಗೋಡೆ 101, 102 ಮಿಲಿಮೀಟರ್. ಕೂಪೆಗಿಂತ ಬರೀ 5-6 ಮಿಲಿಮೀಟರ್ ಜಾಸ್ತಿ. ಟೈರಿನಲ್ಲಿ ದೊಡ್ಡ ಗೆಲುವೇನಲ್ಲ ಇದು. ಆದರೆ ಹಿಂದಿನ ಮಾಲೀಕರು ಡಿಕ್ಕಿಯಲ್ಲಿ ತೆಳ್ಳನೆಯದೊಂದು ಸ್ಟೆಪ್ನಿ, ಜಾಕ್, ಪಾನ ಇಟ್ಟಿದ್ದರು. ನನಗೆ ಅಲ್ಲೇ ಮನಸ್ಸು ನಿಂತಿತು. ಸೆಪ್ಟೆಂಬರಿನಲ್ಲಿ ಹ್ಯಾಂಡ್‌ಪೋಸ್ಟ್ ಹತ್ತಿರ ಒಂದು ಟೈರು ಹೋಯಿತು. ಇಪ್ಪತ್ತೈದು ನಿಮಿಷದಲ್ಲಿ ಬದಲಿಸಿ, ನಿಧಾನಕ್ಕೆ ಮನೆ ಸೇರಿದೆ. ಹೊಸ ಟೈರು ಎರಡನೇ ದಿನ ಬಂತು.

ಮಳೆಗಾಲದ ಇನ್ನೊಂದು ವಿಷಯ. ಅಗಲ ಟೈರು ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ನೀರು ನಿಂತ ಕಡೆ ಅದೇ ಅಗಲ ಶತ್ರು. ಅಡಿಯ ನೀರನ್ನು ಪಕ್ಕಕ್ಕೆ ತಳ್ಳಲು ಸಮಯ ಸಾಲದೆ ಟೈರು ನೀರಿನ ಮೇಲೆ ತೇಲುತ್ತದೆ. ಜೊತೆಗೆ ನಮ್ಮಲ್ಲಿ ರಸ್ತೆಯ ಮೇಲೆ ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಅಂಟಿರುತ್ತದೆ. ಕೂಪೆಯಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಏರಿನಲ್ಲಿ ಆ ಎಲೆಗಳ ಮೇಲೆ ಸ್ವಲ್ಪ ಜಾಸ್ತಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತಿತ್ತು. ಎಲೆಕ್ಟ್ರಾನಿಕ್ಸ್ ಹಿಡಿದು ನಿಲ್ಲಿಸುತ್ತದೆ, ನಿಜ. ಆದರೆ ಪಕ್ಕದಲ್ಲಿ ಮಗಳು ಕೂತಿರುವಾಗ ಎದೆ ಝಲ್ ಅನ್ನುತ್ತದೆ. ಎಂ340ಐನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಅದೇ ಏರು, ಅದೇ ಎಲೆ, ಕಾರು ಸುಮ್ಮನೆ ಹತ್ತಿಕೊಂಡು ಹೋಗುತ್ತದೆ.

ಚಿಕ್ಕಮಗಳೂರಿನವರಿಗೆ ಇದು ಹೊಸ ಪಾಠ ಆಗಬೇಕಿರಲಿಲ್ಲ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಮ್ಮ ತೋಟಗಳ ಮಣ್ಣು ರಸ್ತೆಯಲ್ಲೇ ನಡೆದಿವೆ. 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫೇಬಿಯಾ. ನೋಡಲು ಸಣ್ಣ ಕಾರು, ಆದರೆ ನಾಲ್ಕೂ ಚಕ್ರಕ್ಕೆ ಶಕ್ತಿ, ಉದ್ದ ಸಸ್ಪೆನ್ಷನ್. ಬೇಲಿ ಪಕ್ಕ ನಿಂತು ಆ ಕಾರುಗಳು ಹಾರುವುದನ್ನು ನೋಡಿ ಬೆಳೆದವರು ನಾವು. ಈ ನೆಲದಲ್ಲಿ ವೇಗ ಅಂದರೆ ಏನು ಅಂತ ಅವು ಆಗಲೇ ತೋರಿಸಿದ್ದವು.

ಇಷ್ಟು ಶಕ್ತಿಯ ಕಾರು ನಿಮಗ್ಯಾಕೆ ಅಂತ ಕೇಳುವವರು ಬಹಳ. ನನ್ನ ಉತ್ತರ ಲಾರಿ ಓವರ್‌ಟೇಕ್. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100, ನಮ್ಮ ಎರಡು ಪಥದ ರಸ್ತೆಯಲ್ಲಿ 70 ಮಿತಿ. ಅದನ್ನು ಮೀರುವ ಆಸೆ ನನಗಿಲ್ಲ. ಮರದ ದಿಮ್ಮಿ ತುಂಬಿದ ಲಾರಿಯ ಹಿಂದೆ 30ರಲ್ಲಿ ಹೋಗುತ್ತಿದ್ದೀರಿ, ಮುಂದೆ ನೇರ ರಸ್ತೆ ಸ್ವಲ್ಪವೇ ಇದೆ ಅಂದುಕೊಳ್ಳಿ. ಬಲಭಾಗದಲ್ಲಿ ಎಷ್ಟು ಸೆಕೆಂಡು ಇರುತ್ತೀರಿ ಅನ್ನುವುದೇ ಅಲ್ಲಿ ಮುಖ್ಯ. ಎಂ340ಐ ನಿಂತಲ್ಲಿಂದ 100 ಮುಟ್ಟಲು ಕಂಪನಿ ಹೇಳುವುದು 4.4 ಸೆಕೆಂಡು. ಬೊಲೆರೊದಲ್ಲಿ ಉಸಿರು ಬಿಗಿಹಿಡಿದು ದಾಟುತ್ತಿದ್ದ ಜಾಗದಲ್ಲಿ ಇದರಲ್ಲಿ ಬಲಕ್ಕೆ ಹೋಗಿ ಎಡಕ್ಕೆ ಬಂದಾಗಿರುತ್ತದೆ. ಕೂಪೆಯೂ ಅಷ್ಟೇ ಚುರುಕು. ಆದರೆ ಅದರಲ್ಲಿ ಎಷ್ಟು ತಗ್ಗಿನಲ್ಲಿ ಕೂರುತ್ತೀರೆಂದರೆ ಲಾರಿಯ ಮುಂದೆ ಏನಿದೆ ಅಂತ ನೋಡಲು ಮೊದಲು ಅರ್ಧ ಕಾರನ್ನು ಹೊರಗೆ ತರಬೇಕು. ನನಗೆ ಅದು ಹಿಡಿಸಲಿಲ್ಲ.

ಅಮ್ಮನಿಗೆ ಮಂಡಿ ನೋವು. ಕೂಪೆಯಲ್ಲಿ ಒಂದೇ ಸಲ ಕೂತರು. ಇಳಿಸಲು ನಾನು, ನನ್ನ ಗಂಡ ಇಬ್ಬರೂ ಬೇಕಾಯಿತು. “ಇನ್ಮೇಲೆ ನಂಗೆ ಬೊಲೆರೊನೇ ಸಾಕು ಕಣೇ” ಅಂದರು. ಈಗ ಎಂ340ಐನ ಮುಂದಿನ ಸೀಟು ಅವರದೇ.

ಹಂಪ್: ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಹಾಗೆ ಕಟ್ಟಿದ್ದರೆ ಎರಡೂ ಕಾರು ದಾಟುತ್ತವೆ. ಊರೂರಲ್ಲಿ ಇರುವುದು ಕಿರಿದಾದ, ಕಡಿದಾದ ಹಂಪ್. ಅವುಗಳ ಮೇಲೆ ಕೂಪೆಯನ್ನು ಪ್ರತಿ ಸಲ ಓರೆಯಾಗಿ ಹತ್ತಿಸಬೇಕಿತ್ತು. ಎಂ340ಐ ನಾಲ್ಕು ಜನ ಕೂತಾಗ ಮಾತ್ರ ಹಾಗೆ.

ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರಿನ ಬಗ್ಗೆಯೂ ಕೆಲವರು ಕೇಳಿದ್ದಾರೆ. ಹಾಸನದಲ್ಲಿ ನನ್ನ ಚಿಕ್ಕಪ್ಪನ ಮಗನ ಹತ್ತಿರ ಅದರ ಜಿಟಿ ಮಾದರಿ ಇದೆ, 5 ಲೀಟರಿನ, 8 ಸಿಲಿಂಡರಿನ ವಿ8 ಎಂಜಿನ್. ಒಂದು ವಾರ ನನ್ನ ಹತ್ತಿರ ಇಟ್ಟುಕೊಂಡಿದ್ದೆ. ಆ ಶಬ್ದಕ್ಕೆ ಬೇರೆ ಯಾವುದೂ ಸಾಟಿ ಇಲ್ಲ. ಹಾಸನದಿಂದ ಬೆಂಗಳೂರಿಗೆ ನಾಲ್ಕು ಪಥದಲ್ಲಿ ಹೋಗುವುದಾದರೆ ಅದನ್ನೇ ಕೊಡಿ ಅನ್ನುತ್ತೇನೆ. ತೋಟದ ಗೇಟು, ಸೇತುವೆ, ಎದುರಿಗೆ ಬರುವ ಪಿಕಪ್ ಇವುಗಳ ನಡುವೆ ಅಷ್ಟು ಅಗಲದ ಕಾರು ನನಗೆ ಒಗ್ಗಲಿಲ್ಲ. ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು. ಈಗ ಕೊಳ್ಳುವವರು ಬಿಡಿಭಾಗದ ವಿಷಯ ವಿಚಾರಿಸಿಕೊಂಡೇ ಕೊಳ್ಳಬೇಕು.

ಪೆಟ್ರೋಲು: ಕೂಪೆಗೂ ಎಂ340ಐಗೂ 95 ಆಕ್ಟೇನ್ ಹಾಕಿಸಿದ್ದೇನೆ. ಸರ್ವಿಸ್: ಎರಡನ್ನೂ ಬೆಂಗಳೂರಿಗೇ ಒಯ್ದೆ, ಅದರಲ್ಲಿ ವ್ಯತ್ಯಾಸವಿಲ್ಲ.

ದುಡ್ಡಿನ ಮಾತು. ಎಂ340ಐ ಚೆನ್ನೈನಲ್ಲಿ ಜೋಡಣೆಯಾಗುವ ಕಾರು. 2021ರಲ್ಲಿ ಬಂದಾಗ ಶೋರೂಂ ಬೆಲೆ 62.9 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18, ಅದರ ಮೇಲೆ ಸೆಸ್. ಹಾಗಾಗಿ ಕೆಎ ನಂಬರಿನ ಸೆಕೆಂಡ್ ಹ್ಯಾಂಡ್ ಕಾರನ್ನೇ ಹುಡುಕಿದೆ, ತೆರಿಗೆ ಮೊದಲೇ ಕಟ್ಟಿರುತ್ತದೆ. ಹೊರ ರಾಜ್ಯದ ನಂಬರಿನದು ಅಗ್ಗವಾಗಿ ಕಂಡರೂ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಕೂಪೆ ಮಾರಿದ ದುಡ್ಡಿನಲ್ಲಿ ಇದನ್ನು ಕೊಂಡು, ಉಳಿದದ್ದರಲ್ಲಿ ಕಾಫಿ ಒಣಗಿಸುವ ಕಣಕ್ಕೆ ಹೊಸ ಕಾಂಕ್ರೀಟ್ ಹಾಕಿಸಿದೆ.

ನೀವು ಹಾಸನ ಪೇಟೆಯಲ್ಲೇ ಇದ್ದು, ಓಡಾಟವೆಲ್ಲ ಹೆದ್ದಾರಿಯಲ್ಲೇ ಆದರೆ, ಮನೆಯಲ್ಲಿ ಇನ್ನೊಂದು ಕಾರೂ ಇದ್ದರೆ ಕೂಪೆ ಕೊಳ್ಳಿ. ಅದರ ಖುಷಿ ನಿಜವಾದದ್ದು. ಒಂದೇ ಕಾರು, ಮಳೆಗಾಲ, ಮಕ್ಕಳು, ವಯಸ್ಸಾದವರು, ಮಣ್ಣಿನ ಅಂಚಿನ ರಸ್ತೆ ಅನ್ನುವವರು ನನ್ನ ಹಾಗೆ ನಾಲ್ಕು ಬಾಗಿಲಿನದನ್ನೇ ನೋಡಿ. 18 ಇಂಚಿನ ಚಕ್ರದ್ದನ್ನೇ ಕೇಳಿ. ಡಿಕ್ಕಿ ತೆಗೆಸಿ ಸ್ಟೆಪ್ನಿ ನೋಡಿ.

ನನ್ನ ಕಾರು ಈಗ 31 ಸಾವಿರ ಕಿಲೋಮೀಟರ್ ಓಡಿದೆ. ಮಳೆಗೆ ಮೊದಲು ಹಿಂದಿನ ಟೈರು ಬದಲಿಸಬೇಕು ಅಂತ ಎರಡು ಹೊಸದು ತರಿಸಿಟ್ಟಿದ್ದೇನೆ. ಕಾಫಿ ಬೇರೆ ವಾಸನೆಯನ್ನು ಬೇಗ ಹಿಡಿಯುತ್ತದೆ, ಹಾಗಾಗಿ ಟೈರನ್ನು ಕಾಫಿ ಗೋಡೌನಿನಲ್ಲಿ ಇಡುವಂತಿಲ್ಲ. ಹಳೇ ಕೊಟ್ಟಿಗೆಯಲ್ಲಿ, ಗೋಣಿ ಹೊದಿಸಿ ಇಟ್ಟಿದೆ.