ಜೋಧಪುರದ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್: ಮಳೆಗಾಲದಲ್ಲೇ ಹೋಗಿ

ಜೋಧಪುರಕ್ಕೆ ಹೋದ ನಮ್ಮವರು ಸಾಮಾನ್ಯವಾಗಿ ಮೆಹ್ರಾನ್‌ಗಢ ಕೋಟೆ ನೋಡಿ, ಕಚೋರಿ ತಿಂದು, ಜೈಸಲ್ಮೇರಿನ ಮರಳಿನ ಕಡೆಗೆ ಓಡುತ್ತಾರೆ. ಕೋಟೆಯ ಬುಡದಲ್ಲೇ ಸುಮಾರು 70 ಹೆಕ್ಟೇರ್ ಹರಡಿಕೊಂಡಿರುವ ಈ ಉದ್ಯಾನಕ್ಕೆ ಅರ್ಧ ದಿನವಾದರೂ ಕೊಡಿ. ಸಾಧ್ಯವಾದರೆ ಆಗಸ್ಟಿನಲ್ಲಿ, ಮಳೆ ಬಿದ್ದ ಮರುದಿನ ಬೆಳಿಗ್ಗೆಯೇ ಹೋಗಿ.

ಇಲ್ಲಿ ಮರಳಿಲ್ಲ, ಬರೀ ಬಂಡೆ. ಕೋಟ್ಯಂತರ ವರ್ಷಗಳ ಹಿಂದೆ ಜ್ವಾಲಾಮುಖಿ ಉಗುಳಿದ್ದು ಆರಿ ಗಟ್ಟಿಯಾದ ರಯೋಲೈಟ್. ಜೋಧಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 360 ಮಿ.ಮೀ. ಅದರಲ್ಲಿ ಬಹುಪಾಲು ಜುಲೈನಿಂದ ಸೆಪ್ಟೆಂಬರಿನೊಳಗೆ ಕೆಲವೇ ದಿನ ಅಬ್ಬರಿಸಿ ಮುಗಿಯುತ್ತದೆ. ಅರಬ್ಬೀ ಸಮುದ್ರದ ಮುಂಗಾರಿಗೆ ಅರಾವಳಿ ಅಡ್ಡ ನಿಲ್ಲುವುದಿಲ್ಲ, ಗಾಳಿ ಬೆಟ್ಟಸಾಲಿನ ಗುಂಟವೇ ಸಾಗಿಬಿಡುತ್ತದೆ. ಬಂಗಾಳ ಕೊಲ್ಲಿಯಿಂದ ಹೊರಟ ಗಾಳಿ ಇಲ್ಲಿಗೆ ಬರುವಷ್ಟರಲ್ಲಿ ತನ್ನ ತೇವವನ್ನೆಲ್ಲ ದಾರಿಯಲ್ಲೇ ಸುರಿದಿರುತ್ತದೆ. ಉಳಿದ ಮೋಡವನ್ನೂ ಮೇಲಿನ ಒಣಗಾಳಿ ಬೆಳೆಯಗೊಡುವುದಿಲ್ಲ.

ಮಾರ್ಗದರ್ಶಿಯನ್ನು ಖಂಡಿತ ಕರೆದುಕೊಳ್ಳಿ. ನಮಗೆ ಸಿಕ್ಕ ಯುವಕ ಗಿಡಗಳ ಹೆಸರು ಒಪ್ಪಿಸುತ್ತಾ ಹೋಗಲಿಲ್ಲ, ಮೊಣಕಾಲೂರಿ ಕೂತು ನೋಡಿ ಎಂದ. ಬಂಡೆಯ ಬಿರುಕಿನಲ್ಲಿ ಅಂಗೈಯಷ್ಟೂ ಅಗಲವಿಲ್ಲದ ಜರೀಗಿಡ, ನಮ್ಮ ಪಂಡಿತರು ಮಯೂರಶಿಖೆ ಎನ್ನುವುದು, ಪುಟ್ಟ ಬೀಸಣಿಗೆಗಳನ್ನು ಬಿಚ್ಚಿ ಹಸಿರಾಗಿ ನಿಂತಿತ್ತು. ಬೇಸಿಗೆಯಲ್ಲಿ ಇದೇ ಗಿಡ ಕಂದಾಗಿ ಮುದುಡಿ ಸತ್ತಂತೆ ಬಿದ್ದಿರುತ್ತದೆಯಂತೆ. ಪಕ್ಕದ ಥೋರ್ ಎಂಬ ಕಳ್ಳಿಗಿಡದ ಮೈತುಂಬ ಎಲೆ. ನೀರು ಒಣಗಿದ ಕೂಡಲೇ ಎಲೆಯನ್ನೆಲ್ಲ ಉದುರಿಸಿ, ಹಸಿರು ಕಾಂಡದಲ್ಲೇ ಆಹಾರ ಮಾಡಿಕೊಂಡು ಅದು ವರ್ಷ ಕಳೆಯುತ್ತದೆ.

ನಾನು ಕೊಪ್ಪಳದ ಕಡೆಯವಳು, ಒಣಭೂಮಿ ನನಗೆ ಹೊಸದಲ್ಲ. ಆದರೂ ಬಳ್ಳಾರಿ ಜಾಲಿಯ ಕಥೆ ಕೇಳಿ ನಿಂತುಬಿಟ್ಟೆ. ನಮ್ಮ ಹೊಲ, ಕೆರೆಯಂಗಳಗಳನ್ನು ನುಂಗಿದ ಅದೇ ಜಾಲಿ, ಅಲ್ಲಿ ಬಾವಲಿಯಾ, ಈ ಗುಡ್ಡವನ್ನೂ ಪೂರ್ತಿ ಆವರಿಸಿತ್ತು. 2006ರಲ್ಲಿ ಕೆಲಸ ಶುರುವಾದಾಗ ಮೇಲೆ ಕಡಿದರೆ ಪ್ರಯೋಜನವಿರಲಿಲ್ಲ, ಬುಡದಿಂದ ಮತ್ತೆ ಚಿಗುರುತ್ತಿತ್ತು. ಕೊನೆಗೆ ಕಲ್ಲುಗಣಿಯ ಖಂಡವಾಲಿಯಾ ಸಮುದಾಯದವರನ್ನು ಕರೆಸಿದರು. ಅವರು ಸುತ್ತಿಗೆಯಿಂದ ಬಂಡೆ ತಟ್ಟಿ, ಸದ್ದಿನಿಂದಲೇ ಎಲ್ಲಿ ಒಡೆಯುತ್ತದೆ ಎಂದು ತಿಳಿದು, ಉಳಿಯಿಂದ ಕಲ್ಲು ಬಿಡಿಸಿ ಬೇರು ಕಿತ್ತರು. ಆ ಕುಳಿಗಳಲ್ಲೇ ಈಗ ಮರುಭೂಮಿಯ ಸ್ವಂತ ಗಿಡಗಳು ಬೆಳೆದಿವೆ. ಊರಲ್ಲಿ ಜಾಲಿ ಕಡಿಸಿ ಕಡಿಸಿ ಸುಸ್ತಾದ ನನ್ನ ತಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಮಳೆನೀರನ್ನು ಸಾಗಿಸಲು ಬಂಡೆಯನ್ನೇ ಕೊರೆದು ಮಾಡಿದ ಹಳೆಯ ಕಾಲುವೆಯೊಂದು ಉದ್ಯಾನದೊಳಗೆ ಹಾದುಹೋಗುತ್ತದೆ. ಕಾಲುದಾರಿ ಅದರ ಜೊತೆಗೇ ಇದೆ. ಇದನ್ನು ತಪ್ಪಿಸಿಕೊಳ್ಳಬೇಡಿ. ಕೋಟೆಯ ಅರಮನೆಗಳಿಗಿಂತ ನನಗೆ ಹಿಡಿಸಿದ್ದು ಇದೇ.

ನೆರಳು ಕಡಿಮೆ, ದಾರಿ ಏರಿಳಿತದ್ದು. ಮೊಣಕಾಲು ನೋವಿರುವವರು ಚಿಕ್ಕ ದಾರಿಯನ್ನೇ ಕೇಳಿ ಆರಿಸಿಕೊಳ್ಳಲಿ. ಗಟ್ಟಿ ಶೂ, ಟೋಪಿ, ನೀರು ಬೇಕೇ ಬೇಕು. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದೊಯ್ಯಬೇಡಿ. ಇದೇ ಜಿಲ್ಲೆಯಲ್ಲಿದ್ದ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣಾಂಶ 51 ಡಿಗ್ರಿ ಮುಟ್ಟಿತ್ತು. ಪ್ರವಾಸದ ಪ್ಯಾಕೇಜಿನಲ್ಲಿ ಈ ಜಾಗದ ಹೆಸರಿಲ್ಲದಿದ್ದರೆ ಹಣ ಕಟ್ಟುವ ಮೊದಲೇ ಸೇರಿಸಲು ಹೇಳಿ.