ಎಚ್‌ಡಿ ರೆಡಿ, ಫುಲ್ ಎಚ್‌ಡಿ, 4ಕೆ: ಯಾವ ಟಿವಿ ತಗೊಳ್ಳೋದು?

ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಅಂಗಡಿಗೆ ಕಾಕಾನ ಜೊತೆ ಟಿವಿ ನೋಡಲು ಹೋಗಿದ್ದೆ. ಗೋಡೆ ತುಂಬ 4ಕೆ, ಎಲ್ಲದರಲ್ಲೂ ಗಿಳಿ, ಒಂದೊಂದು ಪುಕ್ಕ ಎಣಿಸಬಹುದು. ಕಾಕಾ ಮರುಳಾದರು. ಆದರೆ ಮನೆಯಲ್ಲಿ ನೋಡೋದು ಗಿಳಿ ಅಲ್ಲ, ಹಳೇ ಕೇಬಲ್ ಬಾಕ್ಸ್‌ನ ಧಾರಾವಾಹಿ. ಅದರ ಚಿತ್ರದಲ್ಲಿ ಇರೋದೇ 576 ಗೆರೆ, ಅದನ್ನು 4ಕೆ ಪರದೆಗೆ ಹಿಗ್ಗಿಸಿದರೆ ಮುಖ ಮಸುಕು ಮಸುಕು.

ಟಿವಿಯ ಚಿತ್ರ ಆಗೋದೇ ಸಣ್ಣ ಸಣ್ಣ ಚುಕ್ಕಿಗಳಿಂದ (ಪಿಕ್ಸೆಲ್). ಎಚ್‌ಡಿ ರೆಡಿಯಲ್ಲಿ ಸುಮಾರು 10 ಲಕ್ಷ ಚುಕ್ಕಿ, ಫುಲ್ ಎಚ್‌ಡಿಯಲ್ಲಿ (1920×1080) 20 ಲಕ್ಷ ಚಿಲ್ಲರೆ, 4ಕೆಯಲ್ಲಿ (3840×2160) ಸುಮಾರು 83 ಲಕ್ಷ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ? ಹೌದು, ಆದರೆ ಅದು ಕಣ್ಣಿಗೆ ಕಾಣಬೇಕಲ್ಲ! 43 ಇಂಚಿನ ಟಿವಿಯನ್ನು 6 ಅಡಿಗಿಂತ ದೂರ ಕೂತು ನೋಡಿದರೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಗೊತ್ತಾಗೋದು ಕಷ್ಟ. ಕಾಕಾನ ಪಡಸಾಲೆಯಲ್ಲಿ ಟೇಪು ಹಿಡಿದು ಅಳೆದೆ, ಜೋಕಾಲಿಯಿಂದ ಗೋಡೆಗೆ 10 ಅಡಿ.

32 ಇಂಚಾದರೆ ಎಚ್‌ಡಿ ರೆಡಿ ಸಾಕು, ಕಂಪ್ಯೂಟರ್ ಜೋಡಿಸಿ ಹತ್ತಿರದಿಂದ ಅಕ್ಷರ ಓದುವವರು ಮಾತ್ರ ಫುಲ್ ಎಚ್‌ಡಿ ಹುಡುಕಿ. 55 ಇಂಚು, 7 ಅಡಿಯೊಳಗೆ ಕೂರೋದು, ಓಟಿಟಿ, ಗೇಮ್ ಅಂದರೆ 4ಕೆಯೇ ಸರಿ, ಅಲ್ಲಿ ಜಿಪುಣತನ ಬೇಡ. ಆದರೆ ನೆಟ್ ವೇಗ 15 ಎಂಬಿಪಿಎಸ್ ಆದರೂ ಇರಲಿ. ಇನ್ನು 8ಕೆ? ಸುಮ್ನೆ ದುಡ್ಡು ದಂಡ.

ಕಾಕಾ 43ರ ಫುಲ್ ಎಚ್‌ಡಿ ತಗೊಂಡು, ಉಳಿದ ದುಡ್ಡಲ್ಲಿ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಹಾಕಿಸಿದರು. ಕಾಕು ಈಗ ಜೋಕಾಲಿ ಮೇಲೆ ಕೂತೇ ಕ್ರಿಕೆಟ್ ಸ್ಕೋರು ಓದುತ್ತಾರೆ.